ಕೋಳಿಯೂಟದ ಚೀಟಿಯಲ್ಲಿ ಬರೆದ ಕಾರಣ

ಬೆಟ್ಟದ ಮೆಟ್ಟಿಲು ಮುಗಿದು ಬಸ್ಸಿನ ರಸ್ತೆ ಶುರುವಾಗುವ ಕಡೆ ಸೆನೋಬಿಯಾ ತಾಕುರಿಯ ಬಂಡಿ ನಿಲ್ಲುತ್ತಿತ್ತು. ಲಿಮಾದ ಚಳಿಗಾಲದಲ್ಲಿ ಸೂರ್ಯ ತಿಂಗಳುಗಟ್ಟಲೆ ಮುಖ ತೋರಿಸುವುದಿಲ್ಲ. ಸಮುದ್ರದಿಂದ ಎದ್ದ ತೇವ ಬೆಟ್ಟ ಹತ್ತಿ ಬಂದು ತಗಡಿನ ಮಾಡಿನ ಮೇಲೆ, ತಲೆಗೂದಲ ಮೇಲೆ, ಒಣಗಲು ಹಾಕಿದ ಬಟ್ಟೆಯ ಮೇಲೆ ಕೂತುಬಿಡುತ್ತದೆ. ಆ ಬೂದುಬಣ್ಣದೊಳಗಿಂದ ಕೆಲಸಕ್ಕೆಂದು ಇಳಿದು ಬರುವವರಿಗೆ ಮೊದಲು ಕಾಣುವುದು ಅವಳ ದೊಡ್ಡ ಪಾತ್ರೆಯ ಹಬೆ. ಕಿನ್ವಾ ಕಾಳನ್ನು ಸೇಬಿನ ಜೊತೆ ಬೇಯಿಸಿ ಲವಂಗ, ಚಕ್ಕೆ ಹಾಕಿದ ಗಂಜಿ. ಜೊತೆಗೆ ಹುರಿದ ಸಿಹಿಗೆಣಸು ತುಂಬಿದ ಬನ್ನು. ಕುಡಿದವರು ಲೋಟ ಕೆಳಗಿಡುವ ಮೊದಲೇ ಅವಳು ಇನ್ನೊಂದು ಸೌಟು ಸುರಿದಿರುತ್ತಿದ್ದಳು. ಆ ಸೌಟಿಗೆ ಕಾಸಿಲ್ಲ.

ಅವಳು ಸುರಿಯುತ್ತಿರುವಾಗಲೇ ಮೇಲಂಗಿಯ ಕಿಸೆಯಲ್ಲಿ ಫೋನು ಗುರುಗುಟ್ಟುತ್ತಿತ್ತು. ನಿಂತು, ಮತ್ತೆ ಗುರುಗುಟ್ಟುತ್ತಿತ್ತು.

"ಯಾರು ಸೆನ್ಯೊರಾ ಆ ಪ್ರಿಯಕರ?" ಎಂದು ಬಸ್ಸಿನ ಕಂಡಕ್ಟರು ಕೇಳಿದ. "ಬಹಳ ಹಚ್ಕೊಂಡಿದಾನೆ."

"ಹೂಂ ಕಣಪ್ಪ. ಬೆಳಿಗ್ಗೆ ಏಳಕ್ಕೆ ಶುರು ಮಾಡ್ತಾನೆ. ಭಾನುವಾರಾನೂ ಬಿಡಲ್ಲ."

"ಗಂಡ ಇದ್ದಾಗ ಹೀಗೆ ಕರೀತಿದ್ನಾ?"

"ಅವನು ಊಟಕ್ಕೆ ಮಾತ್ರ ಕರೀತಿದ್ದ."

ಪ್ರಿಯಕರ ಎಂದರೆ ಕ್ರೆಡಿಟ್ ಕಾರ್ಡಿನ ಕಂಪನಿ. ಕೆಲವು ವರ್ಷಗಳ ಹಿಂದೆ ಮಾರುಕಟ್ಟೆಯ ಬಾಗಿಲಲ್ಲಿ ಒಂದು ಮೇಜು ಹಾಕಿಕೊಂಡು, ತುಟಿಗೆ ಬಣ್ಣ ಹಚ್ಚಿದ ಇಬ್ಬರು ಹುಡುಗಿಯರು ನಿಂತಿದ್ದರು. ಕಾರ್ಡಿಗೆ ಸಹಿ ಹಾಕಿದವರಿಗೆ ಹುಲಿಯ ಚಿತ್ರವಿರುವ ಒಂದು ದಪ್ಪ ಕಂಬಳಿ ಉಚಿತ. ಅದು ಜೂನ್ ತಿಂಗಳು, ಅಲ್ಲಿ ಚಳಿ ಶುರುವಾಗಿ ಬೆಟ್ಟದ ಮೇಲಿನ ಮನೆಗಳ ಗೋಡೆ ಬೆವರುವ ಕಾಲ. ಸೆನೋಬಿಯಾ ಕಂಬಳಿಯನ್ನು ಕೈಯಲ್ಲಿ ಹಿಡಿದು ನೋಡಿದಳು, ಸಹಿ ಹಾಕಿದಳು. ಒಂದು ವರ್ಷ ಕಾರ್ಡು ಪೆಟ್ಟಿಗೆಯಲ್ಲಿ ಮಲಗಿತ್ತು. ಆಮೇಲೆ ವಾಂಕವೆಲಿಕಾದ ಬೆಟ್ಟದೂರಿನಲ್ಲಿ ತಾಯಿ ತೀರಿಕೊಂಡಳು. ಶವಪೆಟ್ಟಿಗೆ, ಬಸ್ಸಿನ ಚೀಟಿಗಳು, ಮಣ್ಣಿಗೆ ಬಂದವರಿಗೆಲ್ಲ ಊಟ. ಮೂರು ಸಾವಿರ ಸೋಲ್ ಹಣ ಕಾರ್ಡಿನಿಂದ ಹೋಯಿತು. ತಾಯಿಯನ್ನು ಸರಿಯಾಗಿ ಕಳಿಸಿಕೊಟ್ಟೆನಲ್ಲ ಎಂಬ ನೆಮ್ಮದಿಯಲ್ಲಿ ಅವಳು ಆ ದುಡ್ಡಿನ ಬಗ್ಗೆ ಒಮ್ಮೆಯೂ ಮರುಗಲಿಲ್ಲ.

ಮರುಗಿದ್ದು ತೀರಿಸಲು ಹೊರಟಾಗ. ತಿಂಗಳು ತಿಂಗಳು ಕಟ್ಟಿದರೂ ಸಾಲ ಇಳಿಯಲಿಲ್ಲ, ಏರಿತು. ಕೇಳಿದರೆ, ಕಟ್ಟಿದ್ದರಲ್ಲಿ ಒಂದು ಪಾಲು ಜೀವವಿಮೆಗೆ ಹೋಗಿದೆ ಎಂದರು.

"ಯಾರ ಜೀವಕ್ಕೆ?" ಎಂದು ಸೆನೋಬಿಯಾ ಕೇಳಿದಳು.

"ನಿಮ್ಮದೇ ಸೆನ್ಯೊರಾ. ನೀವು ತೀರಿಕೊಂಡ್ರೆ ಸಾಲ ಮನ್ನಾ ಆಗುತ್ತೆ."

"ಅಷ್ಟರವರೆಗೂ ಕಟ್ತಾನೇ ಇರಬೇಕಾ?"

ಫೋನಿನ ದನಿ ಪ್ರತಿಸಲವೂ ಬೇರೆಯಾಗಿರುತ್ತಿತ್ತು. ನಿನ್ನೆ ಒಪ್ಪಿಕೊಂಡ ದನಿ ಇವತ್ತು ಇರುತ್ತಿರಲಿಲ್ಲ, ಇವತ್ತಿನ ದನಿಗೆ ನಿನ್ನೆಯದು ಗೊತ್ತಿರುತ್ತಿರಲಿಲ್ಲ. ಹಿಂದಿನ ವರ್ಷ ಒಬ್ಬ, ಒಂದೂವರೆ ಸಾವಿರ ಒಟ್ಟಿಗೆ ಕಟ್ಟಿದರೆ ಉಳಿದದ್ದನ್ನು ಅಳಿಸಿಬಿಡುತ್ತೇವೆ ಎಂದ. ಅವಳು ಗ್ಯಾಸ್ ಒಲೆ ಮಾರಿ ಕಟ್ಟಿದಳು. ಒಂದು ತಿಂಗಳ ನಂತರ ಬೇರೊಬ್ಬಳು ಫೋನು ಮಾಡಿ, ಅಂಥ ಮಾತು ನಮ್ಮ ಸಿಸ್ಟಮ್‌ನಲ್ಲಿ ಇಲ್ಲ, ನೀವು ಕಟ್ಟಿದ್ದು ಬಡ್ಡಿಗೆ ಜಮಾ ಆಗಿದೆ ಎಂದಳು. ಅಂದು ಸೆನೋಬಿಯಾ ಸೀಮೆಎಣ್ಣೆ ಒಲೆಯ ಮುಂದೆ ಕೂತು, ಕಿನ್ವಾ ತಳ ಹಿಡಿದದ್ದೂ ಗೊತ್ತಾಗದ ಹಾಗೆ, ಬಹಳ ಹೊತ್ತು ಸೌಟು ಹಿಡಿದುಕೊಂಡೇ ಇದ್ದಳು.

ಈಗ ಹೊಸ ಮಾತು ಬಂದಿತ್ತು. ಸಾಲ ಏಳು ಸಾವಿರಕ್ಕೆ ಹೋಗಿದೆ; ಆದರೆ ತಿಂಗಳ ಕೊನೆಯ ಶನಿವಾರದೊಳಗೆ ಎರಡೂವರೆ ಸಾವಿರ ಕಟ್ಟಿದರೆ ಪೂರ್ತಿ ಮುಗಿಯಿತು. ಕಟ್ಟದಿದ್ದರೆ ವಕೀಲರಿಗೆ ಹೋಗುತ್ತದೆ, ಅವರು ಬಂದು ಬಂಡಿ ಎಳೆದುಕೊಂಡು ಹೋಗುತ್ತಾರೆ.

"ಅದನ್ನ ಒಂದು ಕಾಗದದ ಮೇಲೆ ಬರೆದು ಕೊಡಿ," ಎಂದಳು.

"ಮೊದಲು ಕಟ್ಟಿ, ಆಮೇಲೆ ಕಾಗದ."

ಬಂಡಿ ಹೋದರೆ ಬೆಳಗ್ಗೆ ಎದ್ದು ಮಾಡುವುದೇನು ಎಂದು ಅವಳು ಯೋಚಿಸಲು ಹೋಗಲಿಲ್ಲ. 

"ಪೊಯಾದ ಮಾಡು," ಎಂದಳು ದೆಲ್ಫಿನಾ. ಸೆನೋಬಿಯಾಳ ಮಗಳಿಗೆ ದೀಕ್ಷಾಸ್ನಾನದಲ್ಲಿ ತಾಯಿಯಾಗಿ ನಿಂತವಳು ಅವಳು, ಹಾಗಾಗಿ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ. ಮಾರುಕಟ್ಟೆಯಲ್ಲಿ ಮೀನು ಮಾರುತ್ತಿದ್ದಳು; ಅವಳು ಪಿಸುಗುಟ್ಟಿದರೂ ಮೂರನೆಯ ಅಂಗಡಿಗೆ ಕೇಳುತ್ತಿತ್ತು.

ಬೆಟ್ಟದಲ್ಲಿ ಯಾರಿಗೇ ಕಷ್ಟ ಬಂದರೂ ಪೊಯಾದ ಮಾಡುತ್ತಾರೆ. ಚೀಟಿ ಅಚ್ಚು ಹಾಕಿಸಿ ಮನೆಮನೆಗೆ ಹಂಚುವುದು; ಭಾನುವಾರ ಅಂಗಳದಲ್ಲಿ ಕೆಂಪು ಮೆಣಸು, ಬೆಳ್ಳುಳ್ಳಿಯಲ್ಲಿ ನೆನೆಸಿದ ಕೋಳಿಯನ್ನು ಬಾಣಲೆಗಟ್ಟಲೆ ಕರಿಯುವುದು; ಚೀಟಿ ಹಿಡಿದು ಬಂದವರು ದುಡ್ಡು ಕೊಟ್ಟು ತಿಂದು, ಬಿಯರ್ ಕುಡಿದು, ಕುಣಿದು ಹೋಗುವುದು. ಕೊಟ್ಟವರಿಗೆ ಕೊಟ್ಟೆ ಅನ್ನಿಸಬಾರದು, ಪಡೆದವರಿಗೆ ಬೇಡಿದೆ ಅನ್ನಿಸಬಾರದು. ಆದರೆ ಚೀಟಿಯ ಮೇಲೆ ಕಾರಣ ಬರೆಯಲೇಬೇಕು.

"ಕಾರ್ಡಿನ ಸಾಲಕ್ಕೆ ಅಂತ ಯಾರಾದ್ರೂ ಪೊಯಾದ ಮಾಡಿದಾರಾ, ಕೊಮಾದ್ರೆ?" ಎಂದಳು ಸೆನೋಬಿಯಾ. "ತಿಂದು ತೇಗಿ ಈಗ ನಮ್ಮ ಹತ್ರ ಬಂದಿದಾಳೆ ಅಂತಾರೆ."

"ತಿಂದಿದ್ದು ನಿಮ್ಮಮ್ಮನ ಮಣ್ಣಿಗೆ ಬಂದೋರು."

"ಅದನ್ನ ಚೀಟೀಲಿ ಬರೆಯೋಕಾಗುತ್ತಾ?"

ಮಾರುಕಟ್ಟೆಯ ಹಿಂದೆ ದೊನ್ ಹಸಿಂತೊನ ಅಚ್ಚಿನ ಗೂಡು. ಅವನ ಬಳಿ ಪೊಯಾದ ಚೀಟಿಗೆ ಸಿದ್ಧವಾದ ಅಚ್ಚುಗಳಿದ್ದವು: ಆರೋಗ್ಯಕ್ಕಾಗಿ, ಮಾಡು ಹೊದಿಸಲು, ಇಗರ್ಜಿಯ ಗಂಟೆಗಾಗಿ. ಹೊಸ ಕಾರಣವಾದರೆ ಹೊಸ ಅಚ್ಚು, ಹೆಚ್ಚಿಗೆ ಹಣ.

"ಯಾವುದು ಹಾಕ್ಲಿ?" ಎಂದು ಅವನು ಕನ್ನಡಕದ ಮೇಲಿಂದ ನೋಡಿದ.

ಸೆನೋಬಿಯಾ ತಿರುಗಿ ನೋಡಿದಳು. ಅವಳ ಹಿಂದೆ ಇಬ್ಬರು ಪರಿಚಯದವರು ನಿಂತಿದ್ದರು. 

"ಆರೋಗ್ಯದ್ದೇ ಹಾಕು ದೊನ್," ಎಂದಳು ದೆಲ್ಫಿನಾ. ಹಸಿಂತೊ ಮುಖ ಸಣ್ಣಗೆ ಮಾಡಿಕೊಂಡು, "ದೇವರು ಕಾಪಾಡ್ಲಿ ಸೆನ್ಯೊರಾ," ಎಂದು ಹತ್ತು ಚೀಟಿ ಹೆಚ್ಚಿಗೆ ಹಾಕಿಕೊಟ್ಟ. ಸೆನೋಬಿಯಾ ಆ ಹತ್ತು ಚೀಟಿಯನ್ನು ಬೇರೆಯಾಗಿ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು, ಬಿಸಿ ಪಾತ್ರೆ ಹಿಡಿದವಳ ಹಾಗೆ.

ಸುದ್ದಿ ಅವಳಿಗಿಂತ ಮೊದಲು ಮೇಲೆ ತಲುಪಿತ್ತು. ಮರುದಿನ ಬೆಳಗ್ಗೆ ಗಂಜಿಯ ಪಾತ್ರೆಯನ್ನು ಕೆಳಗಿಳಿಸಲು ಇಬ್ಬರು ಗಂಡಸರು ಬಾಗಿಲಲ್ಲಿ ನಿಂತಿದ್ದರು. ಸಂಜೆ ಯಾರೋ ಕುರಿತಲೆಯ ಸಾರು ತಂದರು, ಯಾರೋ ಕಿತ್ತಳೆ. ಪಕ್ಕದ ಮನೆಯ ಇಪೋಲಿತಾ ಇಗರ್ಜಿಯಲ್ಲಿ ಅವಳ ಹೆಸರಿಗೆ ಮೇಣದಬತ್ತಿ ಹಚ್ಚಿ ಬಂದಳು. ಒಂದಲ್ಲ, ದಪ್ಪದ್ದು ಎರಡು. ಯಾರೂ ಯಾವ ಕಾಯಿಲೆ ಎಂದು ಕೇಳಲಿಲ್ಲ. ಹೆಂಗಸರ ಕಾಯಿಲೆಯ ಹೆಸರು ಕೇಳುವ ಪದ್ಧತಿ ಇರಲಿಲ್ಲ. ಹೊಟ್ಟೆಯ ಕಡೆ ಒಂದು ಸಲ ನೋಡಿ, ತಲೆ ತಗ್ಗಿಸಿ, ಚೀಟಿ ತೆಗೆದುಕೊಳ್ಳುತ್ತಿದ್ದರು.

"ನೀನು ಹೀಗೆ ದಡದಡ ಮೆಟ್ಟಿಲು ಹತ್ಬೇಡ," ಎಂದು ದೆಲ್ಫಿನಾ ಗದರಿದಳು. "ನಡುವೆ ಒಂದು ಸಲ ನಿಂತು ಕೆಮ್ಮು."

"ನನಗೆ ಕೆಮ್ಮು ಬರಲ್ಲ."

"ಬರಿಸ್ಕೋ. ಎಲ್ಲಾ ಚೀಟಿ ಖರ್ಚಾಗೋವರೆಗೆ."

ಸೆನೋಬಿಯಾಗೆ ಕೆಮ್ಮಲೂ ಆಗಲಿಲ್ಲ, ಸಾರು ಕುಡಿಯಲೂ ಆಗಲಿಲ್ಲ. ಕಂಪನಿಯವರ ಮುಂದೆ ಸುಳ್ಳು ಹೇಳಿದ್ದರೆ ಅವಳಿಗೆ ಒಳ್ಳೆಯ ನಿದ್ದೆ ಬರುತ್ತಿತ್ತು. ಆದರೆ ಇಲ್ಲಿ ಉರಿಯುತ್ತಿದ್ದದ್ದು ಇಪೋಲಿತಾಳ ಮೇಣದಬತ್ತಿ.

ಗುರುವಾರ ಮಧ್ಯಾಹ್ನ ಬೆಳ್ಳುಳ್ಳಿ ಬಿಡಿಸಲು ಹೆಂಗಸರು ಅಂಗಳಕ್ಕೆ ಬಂದರು. ಸಿಪ್ಪೆ ಹಾರಾಡುತ್ತಿತ್ತು, ಮಾತು ಹಾರಾಡುತ್ತಿತ್ತು. ಆಗ ಮೇಲಿನ ಮೆಟ್ಟಿಲುಗಳಿಂದ ಒಂದೊಂದೇ ಹೆಜ್ಜೆ ಇಳಿದು ಮಾಮಾ ಸತುರ್ನಿನಾ ಬಂದಳು. ಬೆಟ್ಟದ ಅತ್ಯಂತ ಹಿರಿಯ ಹೆಂಗಸು, ಮದ್ದು ತಿಳಿದವಳು. ಶಾಲಿನೊಳಗೆ ಏನೋ ಬೆಚ್ಚಗೆ ಮಿಸುಕಾಡುತ್ತಿತ್ತು. ತೆಗೆದರೆ ಒಂದು ಕಪ್ಪು ಕುಯ್, ಎಂದರೆ ಗಿನಿಪಿಗ್. ಮೊಲದ ಮರಿಯಷ್ಟು ಗಾತ್ರ, ಬಾಲವಿಲ್ಲ, ಕಣ್ಣು ಮೆಣಸಿನ ಕಾಳು. ಕಾಯಿಲೆಯವರ ಮೈಮೇಲೆ ಅದನ್ನು ಉಜ್ಜಿದರೆ ಕಾಯಿಲೆ ಅದರೊಳಗೆ ಹೋಗುತ್ತದೆ. ಕಾಯಿಲೆ ದೊಡ್ಡದಾದರೆ ಕುಯ್ ಕೈಯಲ್ಲೇ ಸಾಯುತ್ತದೆ.

"ಮಗಳೇ, ಶಾಲು ತೆಗಿ. ಇಲ್ಲಿ ಕೂತ್ಕೋ."

"ಬೇಡ ಮಾಮಾ. ನಿಮಗ್ಯಾಕೆ ತೊಂದರೆ."

"ತೊಂದರೆ ನಿನಗಲ್ವಾ ಇರೋದು? ಕೂತ್ಕೋ."

ಯಾರೂ ಬೆಳ್ಳುಳ್ಳಿ ಬಿಡಿಸುತ್ತಿರಲಿಲ್ಲ. ಸತುರ್ನಿನಾ ಅವಳ ನೆತ್ತಿಯಿಂದ ಶುರು ಮಾಡಿ, ಕುತ್ತಿಗೆ, ಬೆನ್ನು, ಹೊಟ್ಟೆ, ಮೊಣಕಾಲಿನವರೆಗೆ ಕುಯ್ಯನ್ನು ನಿಧಾನವಾಗಿ ಸವರಿದಳು. ಕ್ವೆಚುವಾ ಭಾಷೆಯಲ್ಲಿ ಏನೋ ಗೊಣಗುತ್ತಿದ್ದಳು. ಆ ಮಾತಿನ ಲಯ ಸೆನೋಬಿಯಾಳ ತಾಯಿಯ ಮಾತಿನದೇ ಆಗಿತ್ತು.  ಮುದುಕಿ ಕುಯ್ಯನ್ನು ನೆಲಕ್ಕೆ ಬಿಟ್ಟಳು. ಅದು ಮೂಗು ಕುಣಿಸಿತು. ಓಡಿಹೋಗಿ ಸಲಾಡಿಗೆಂದು ತೊಳೆದಿಟ್ಟ ಸೊಪ್ಪಿನ ಬುಟ್ಟಿಗೆ ಬಾಯಿ ಹಾಕಿತು.

ಸತುರ್ನಿನಾ ಅದನ್ನೇ ಬಹಳ ಹೊತ್ತು ನೋಡಿದಳು.

"ನಿನಗೇನೂ ಇಲ್ವಲ್ಲೇ," ಎಂದಳು. "ನನಗಿಂತ ಗಟ್ಟಿಯಾಗಿದೀಯ."

ದೆಲ್ಫಿನಾ ಜೋರಾಗಿ ಕೆಮ್ಮಿದಳು. ಆದರೆ ಕೆಮ್ಮಬೇಕಾದವಳು ಅವಳಾಗಿರಲಿಲ್ಲ.

"ಇಲ್ಲ ಮಾಮಾ, ಕಾಯಿಲೆ ಇಲ್ಲ," ಎಂದಳು ಸೆನೋಬಿಯಾ. ನಿಂತುಕೊಂಡೇ ಹೇಳಬೇಕೆಂದು ಎದ್ದಳು. "ಕಾರ್ಡಿನ ಸಾಲ ಇದೆ. ಅಮ್ಮನ ಮಣ್ಣಿಗೆ ತಗೊಂಡಿದ್ದು. ತೀರಿಸ್ತಾನೇ ಇದೀನಿ, ತೀರ್ತಿಲ್ಲ. ಬರೋ ವಾರದ ಶನಿವಾರ, ತಿಂಗಳ ಕೊನೇದು, ಅಷ್ಟರೊಳಗೆ ಕಟ್ಟದಿದ್ರೆ ಬಂಡಿ ತಗೊಂಡೋಗ್ತಾರೆ. ಸಾಲ ಅಂತ ಬರಸೋಕೆ ನಾಚಿಕೆ ಆಯ್ತು."

ಇಪೋಲಿತಾ ಎದ್ದು ಮಡಿಲ ಸಿಪ್ಪೆ ಕೊಡವಿದಳು. "ನಾನು ನಿನಗೋಸ್ಕರ ಮೊಣಕಾಲೂರಿ ಅತ್ತಿದ್ದೆ. ಮೇಣದ ಕಾಸು ಹೋಗ್ಲಿ, ನನ್ನ ಕಣ್ಣೀರು ಯಾರು ಕೊಡ್ತಾರೆ?" ಕಿಸೆಯಿಂದ ಚೀಟಿಗಳನ್ನು ತೆಗೆದು ಬೆಳ್ಳುಳ್ಳಿಯ ಮೇಲಿಟ್ಟು ಹೊರಟುಹೋದಳು. ಇನ್ನೊಬ್ಬಳೂ ಹೋದಳು. 

"ಯಾವ ಕಾರ್ಡು?" ಎಂದು ಮೂಲೆಯಿಂದ ಒಬ್ಬಳು ಮೆಲ್ಲಗೆ ಕೇಳಿದಳು. "ಕಂಬಳಿ ಕೊಟ್ರಲ್ಲ, ಅದಾ?"

"ಅದೇ."

"ನನ್ನ ಕಂಬಳೀಲಿ ನವಿಲಿತ್ತು," ಎಂದು ಅವಳು ಅಷ್ಟೇ ಮೆಲ್ಲಗೆ ಹೇಳಿ ಮತ್ತೆ ಬೆಳ್ಳುಳ್ಳಿ ಕೈಗೆತ್ತಿಕೊಂಡಳು.

ಸತುರ್ನಿನಾ ಕುಯ್ಯನ್ನು ಬುಟ್ಟಿಯಿಂದ ಬಿಡಿಸಿ ಶಾಲಿನೊಳಗೆ ಸೇರಿಸಿದಳು. "ಇದಕ್ಕೆ ಕುಯ್ ಆಗಲ್ಲ ಮಗಳೇ, ಕೋಳಿನೇ ಬೇಕು. ನನಗೆ ತೊಡೆ ಎತ್ತಿಡು. ಎದೆಭಾಗ ನನ್ನ ಹಲ್ಲಿಗೆ ಆಗಲ್ಲ."

ಆ ಸಂಜೆ ಸೆನೋಬಿಯಾ ಪೆನ್ನು ಹಿಡಿದು ಮನೆಮನೆ ಹತ್ತಿ ಇಳಿದಳು. ಬೇಡ, ಇದ್ದದ್ದೂ ಹೋಗುತ್ತದೆ ಎಂದು ದೆಲ್ಫಿನಾ ಹಿಂದೆಯೇ ಬಂದಳು, ಬೈಯುತ್ತಲೇ ಬಂದಳು, ಕತ್ತಲಾದಾಗ ಬ್ಯಾಟರಿ ಹಿಡಿದಳು. ಪ್ರತಿ ಬಾಗಿಲಲ್ಲೂ ಸೆನೋಬಿಯಾ ಚೀಟಿ ವಾಪಸು ಕೇಳಿ, 'ಆರೋಗ್ಯಕ್ಕಾಗಿ' ಎಂಬುದನ್ನು ಹೊಡೆದುಹಾಕಿ, 'ಕಾರ್ಡಿನ ಸಾಲಕ್ಕಾಗಿ' ಎಂದು ಬರೆದಳು. ಬೇಕಿದ್ದರೆ ಇಟ್ಟುಕೊಳ್ಳಿ, ಬೇಡವಾದರೆ ಕೊಡಿ ಎಂದಳು. ಕೆಲವರು ಕೊಟ್ಟರು. ಒಬ್ಬ ಬಾಗಿಲು ಹಾಕಿಕೊಂಡ. ಒಬ್ಬ ಮುದುಕ ಚೀಟಿಯನ್ನು ದೀಪಕ್ಕೆ ಹಿಡಿದು ಓದಿ, ಒಳಗೆ ಮಲಗಿದ್ದ ಮಗನನ್ನು ಎಬ್ಬಿಸಿ, "ನೋಡೋ, ನಿನ್ನ ಸಾಲಾನೂ ಹೀಗೆ ಬಾಯಿಬಿಟ್ಟು ಹೇಳು ಅಂತ ನಿನಗೆ ಹೇಳ್ತಿದ್ದೆ," ಎಂದು ಇನ್ನೂ ನಾಲ್ಕು ಚೀಟಿ ಕೇಳಿದ. ಹಿಂದಕ್ಕೆ ಬಂದ ಚೀಟಿಯೂ ಹೊಸದಾಗಿ ಹೋದ ಚೀಟಿಯೂ ಹೆಚ್ಚುಕಡಿಮೆ ಸರಿಸಮವಾಯಿತು.

ಭಾನುವಾರ ತೇವ ಸ್ವಲ್ಪ ತೆಳುವಾಯಿತು. ಬಾಣಲೆಯ ಎಣ್ಣೆ ಮಾತಾಡತೊಡಗಿದಾಗ ಯಾರೋ ಸ್ಪೀಕರ್ ಹಚ್ಚಿದರು. ಬೆಟ್ಟದೂರಿನ ಹಾಡು ತಗಡಿನಿಂದ ತಗಡಿಗೆ ಹಾರುತ್ತ ಕೆಳಗಿಳಿಯಿತು. ಕೆಂಪು ಕೋಳಿ, ಬೇಯಿಸಿದ ಆಲೂಗಡ್ಡೆ, ಹಸಿರು ಖಾರ. ಸೆನೋಬಿಯಾಳ ರೆಪ್ಪೆಯವರೆಗೂ ಮೆಣಸಿನ ಘಾಟು. ಸೂರ್ಯನಿಲ್ಲದ ಸಂಜೆಯಲ್ಲಿ ಸತುರ್ನಿನಾ ತೊಡೆ ತಿಂದು ಮುಗಿಸಿ, ಶಾಲನ್ನು ಸೊಂಟಕ್ಕೆ ಕಟ್ಟಿಕೊಂಡು ನಾಲ್ಕು ಹೆಜ್ಜೆ ಕುಣಿದಳು. ಎಲ್ಲ ಮುಗಿಯುವ ಹೊತ್ತಿಗೆ ಇಪೋಲಿತಾ ಬಂದಳು. ತಟ್ಟೆ ಮುಂದೆ ಚಾಚಿದಳು.

"ಮೇಣದಬತ್ತಿ ದುಡ್ಡು ಹಿಡ್ಕೊಂಡು ಮಿಕ್ಕಿದ್ದು ಕೊಡ್ತೀನಿ."

"ಹಿಡ್ಕೊಳ್ಳಿ. ಎರಡಕ್ಕೂ."

"ಖಾರ ಹಾಕು ಇನ್ನಷ್ಟು," ಎಂದಳು ಇಪೋಲಿತಾ, ಮುಖ ಆ ಕಡೆ ತಿರುಗಿಸಿಕೊಂಡೇ.

ಬಿಯರಿನ ಲಾಭವೂ ಸೇರಿ ಎರಡೂವರೆ ಸಾವಿರ ಆಯಿತು. ಸೋಮವಾರ ಬಂಡಿಗೆ ರಜೆ ಕೊಟ್ಟು, ಹಣವನ್ನು ಎದೆಯೊಳಗಿಟ್ಟುಕೊಂಡು, ದೆಲ್ಫಿನಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೆನೋಬಿಯಾ ಪಟ್ಟಣದ ನಡುವಿನ ಕಂಪನಿ ಕಚೇರಿಗೆ ಹೋದಳು. ಗಾಜಿನ ಬಾಗಿಲು ತಾನೇ ತೆರೆದುಕೊಂಡಿತು. ಟೈ ಕಟ್ಟಿದ ತರುಣ ನಗುತ್ತ ಅವಳ ಗುರುತಿನ ಸಂಖ್ಯೆ ಕುಟ್ಟಿದ.

"ಎರಡೂವರೆ ಸಾವಿರದ ಆಫರ್ ನಮ್ಮ ಸಿಸ್ಟಮ್‌ನಲ್ಲಿ ಕಾಣ್ತಿಲ್ಲ ಸೆನ್ಯೊರಾ. ಪರವಾಗಿಲ್ಲ, ಹಣ ತಂದಿದೀರಲ್ಲ, ಕಟ್ಟಿಬಿಡಿ. ಸಾಲ ಅಷ್ಟು ಕಡಿಮೆ ಆಗುತ್ತೆ."

ಒಂದು ಕ್ಷಣ ಅವಳಿಗೆ ಕಟ್ಟಿಬಿಡೋಣ ಎನ್ನಿಸಿತು. ಕೈ ಎದೆಯ ಕಡೆ ಹೋಗಿತ್ತು ಕೂಡ. ಕೊಟ್ಟು, ಹೊರಗೆ ಹೋಗಿ, ಉಸಿರಾಡಬಹುದು. ಆದರೆ ಆ ಹಣ ಅವಳೊಬ್ಬಳದಾಗಿರಲಿಲ್ಲ. ಮಗನನ್ನು ಎಬ್ಬಿಸಿದ ಮುದುಕನದು, ನವಿಲು ಕಂಬಳಿಯವಳದು, ಇಪೋಲಿತಾಳದು. ಗ್ಯಾಸ್ ಒಲೆ ಕೊಟ್ಟ ಹಾಗೆ ಇದನ್ನು ಕೊಡಲು ಬರುವುದಿಲ್ಲ. ಅವಳು ಕೈ ಕೆಳಗಿಳಿಸಿದಳು.

"ಇಷ್ಟು ಕಟ್ಟಿದ್ರೆ ಪೂರ್ತಿ ಮುಗೀತು ಅಂತ ಕಾಗದ ಕೊಡಿ. ಆಮೇಲೆ ಕಟ್ತೀನಿ."

"ಮೊದಲು ಕಟ್ಬೇಕು."

"ಹೋದ ವರ್ಷ ಮೊದಲು ಕಟ್ಟಿದ್ದೆ."

"ಅದು ನನಗೆ ಗೊತ್ತಿಲ್ಲ ಸೆನ್ಯೊರಾ."

"ಗೊತ್ತಿರೋರನ್ನ ಕರೀರಿ."

"ಎಲ್ಲಾರೂ ಮೀಟಿಂಗ್‌ನಲ್ಲಿದಾರೆ."

ತರುಣನ ತಲೆಯ ಮೇಲೆ, ಗೋಡೆಯಲ್ಲಿ, ಪ್ರತಿ ಅಂಗಡಿಯಲ್ಲೂ ಇರುವ ಆ ಫಲಕವಿತ್ತು. ಕೇಳಿದವರಿಗೆ ದೂರಿನ ಪುಸ್ತಕ ಕೊಡಲೇಬೇಕೆಂಬ ಸರ್ಕಾರದ ಫಲಕ. ದಿನಾ ನೋಡಿ ನೋಡಿ ಯಾರೂ ನೋಡದಿದ್ದದ್ದು.

"ಹಾಗಾದ್ರೆ ದೂರಿನ ಪುಸ್ತಕ ಕೊಡಿ."

ತರುಣನ ನಗು ಕಳಚಿತು. "ಅದು ಬೀರುವಿನಲ್ಲಿದೆ. ಬೀಗದ ಕೈ ಇವತ್ತು ಬಂದಿಲ್ಲ."

"ಬೀಗದ ಕೈ ರಜೆ ಹಾಕಿದ್ಯಾ?" ಎಂದಳು ದೆಲ್ಫಿನಾ. ಮೀನು ಮಾರುವ ದನಿ ಗಾಜಿಗೆ ಬಡಿದು ವಾಪಸು ಬಂತು; ಸಾಲಿನಲ್ಲಿದ್ದವರೆಲ್ಲ ತಲೆಯೆತ್ತಿದರು. "ಬರೋವರೆಗೂ ಕಾಯ್ತೀವಿ ಬಿಡಪ್ಪ. ನಮಗೆ ಇವತ್ತು ಬೇರೆ ಕೆಲಸ ಇಲ್ಲ."

ಬೀಗದ ಕೈ ಬೇಗನೆ ಸಿಕ್ಕಿತು. ಸೆನೋಬಿಯಾ ಕುರ್ಚಿಯಲ್ಲಿ ಕೂತು ಬರೆಯತೊಡಗಿದಳು. ಬೇಗ ಬರೆದು ಅಭ್ಯಾಸವಿಲ್ಲ. ಒಂದೊಂದು ಅಕ್ಷರಕ್ಕೂ ಹುಬ್ಬು ಗಂಟಾಗುತ್ತಿತ್ತು. ಒಲೆ ಮಾರಿದ್ದನ್ನು ಬರೆದಳು, ಒಂದೊಂದು ದಿನ ಒಂದೊಂದು ದನಿ ಒಂದೊಂದು ಮಾತು ಹೇಳಿದ್ದನ್ನು ಬರೆದಳು. ಹೆಲ್ಮೆಟ್ ಹಿಡಿದು ನಿಂತಿದ್ದವನೊಬ್ಬ ಬಗ್ಗಿ ನೋಡಿ, "ವಿಮೆ ವಿಷಯಾನೂ ಹಾಕಿ ಸೆನ್ಯೊರಾ, ನನಗೂ ಹಾಗೇ ಮಾಡಿದಾರೆ," ಎಂದ. "ಪುಸ್ತಕ ನಿಮ್ಮದಾದ ಮೇಲೆ ನನಗೆ ಕೊಡಿ," ಎಂದಳು ಅವನ ಹಿಂದಿನವಳು.

ದೆಲ್ಫಿನಾ ಅವಳ ಭುಜಕ್ಕೆ ಬಾಗಿ, ಜೀವನದಲ್ಲೇ ಮೊದಲ ಸಲ ನಿಜವಾಗಿ ಪಿಸುಗುಟ್ಟಿದಳು. "ಸ್ವಲ್ಪ ಬಿಡಿಸಿ ಬರಿ ಕೊಮಾದ್ರೆ. ನಾನೂ ನೋಡ್ಕೊಂಡು ಬರೀಬೇಕಲ್ಲ."

ಸೆನೋಬಿಯಾಳ ಪೆನ್ನು ನಿಂತಿತು. "ನಿನಗೂ ಇದೆಯಾ?"

"ಇದೆ."

"ಎಷ್ಟು ದಿನದಿಂದ?"

"ನೀನು ತಗೊಂಡ ದಿನಾನೇ. ನಿನ್ನ ಹಿಂದೇನೇ ನಿಂತಿದ್ದೆ."

"ನನಗೆ ಒಂದು ಮಾತು ಹೇಳ್ಲಿಲ್ಲ."

"ಕುಯ್ ಬರೋವರೆಗೆ ನೀನು ಬೆಟ್ಟಕ್ಕೆ ಹೇಳಿದ್ಯಾ?" ಎಂದಳು ದೆಲ್ಫಿನಾ. ಇಬ್ಬರಿಗೂ ನಗು ಬಂತು. ಅಲ್ಲಿ ನಗಬಾರದೆಂದು ಮತ್ತೂ ಬಂತು.

ಎರಡನೆಯ ಪುಟ ತಿರುಗಿಸುವಾಗ ಮೀಟಿಂಗಿನಿಂದ ಮ್ಯಾನೇಜರ್ ಹೆಂಗಸು ಇಳಿದು ಬಂದಳು. ಬರೆದದ್ದರ ಮೇಲೆ ಕಣ್ಣಾಡಿಸಿದಳು, ಸಾಲಿನತ್ತ ನೋಡಿದಳು. ತರುಣನ ಪಕ್ಕ ನಿಂತು ತಾನೇ ಕುಟ್ಟಿದಳು. ಆಫರ್ ಅಲ್ಲೇ ಇತ್ತು, ಶನಿವಾರದವರೆಗೆ. ಕಾಗದ ಅಚ್ಚಾಗಿ ಬಂತು. ಮುದ್ರೆ ಬಿತ್ತು, ಸಹಿ ಬಿತ್ತು. ದೂರನ್ನು ಹಿಂದೆ ತೆಗೆದುಕೊಳ್ಳುತ್ತೀರಾ ಎಂದು ಆಕೆ ಮೃದುವಾಗಿ ಕೇಳಿದಳು.

"ಇಲ್ಲ ಸೆನ್ಯೊರಾ. ಅದು ನಡೆದದ್ದೇ ಅಲ್ವಾ," ಎಂದಳು ಸೆನೋಬಿಯಾ, ಅಷ್ಟೇ ಮೃದುವಾಗಿ.

ಕಾಗದವನ್ನು ಎರಡು ಸಲ ಓದಿದಳು. ಪೂರ್ತಿ ಎಂಬ ಮಾತು ಇದ್ದ ಕಡೆ ಬೆರಳಿಟ್ಟು ಮತ್ತೊಮ್ಮೆ ಓದಿದಳು. ಆಮೇಲೆ ಹಣ ತೆಗೆದು ಕಿಂಡಿಯೊಳಗೆ ಕೊಟ್ಟಳು. ನೋಟುಗಳಿಗೆ ಇನ್ನೂ ಬೆಳ್ಳುಳ್ಳಿ, ಮೆಣಸಿನ ವಾಸನೆ. ಎಣಿಸುವ ಹುಡುಗಿ ಸೀನಿದಳು, ಮತ್ತೆ ಮೊದಲಿನಿಂದ ಎಣಿಸಿದಳು.

ಹೊರಗೆ ಬಂದಾಗ ಹಸಿವು ಒಮ್ಮೆಲೇ ಮೇಲೆ ಬಿತ್ತು. ಮೂಲೆಯ ಗಾಡಿಯಲ್ಲಿ ಎರಡು ಬನ್ನು ಕೊಂಡು, ಬಸ್ಸಿಗೆ ಕಾಯುತ್ತ ನಿಂತುಕೊಂಡೇ ತಿಂದರು.

"ಇವಳು ಗೆಣಸು ಸರಿಯಾಗಿ ಹುರಿದಿಲ್ಲ," ಎಂದಳು ಸೆನೋಬಿಯಾ.

"ನಿನ್ನ ಹತ್ರ ಕಲೀಲಿ. ಕೊಮಾದ್ರೆ, ನಾನು ಯಾವ ಭಾನುವಾರ ಇಟ್ಕೊಳ್ಲಿ?"

"ಬರೋ ಭಾನುವಾರ ನೀರಿನ ಟ್ಯಾಂಕಿಂದು ಇದೆ. ಅದರ ಮುಂದಿಂದು ಇಟ್ಕೋ. ಕೋಳಿ ನೆನೆಸೋದು ನಾನು, ನೀನು ಉಪ್ಪು ಜಾಸ್ತಿ ಹಾಕ್ತೀಯ."

"ಚೀಟಿ?"

"ದೊನ್ ಹಸಿಂತೊ ಹತ್ರ ಹೊಸ ಅಚ್ಚು ಮಾಡಿಸು. ನವಿಲು ಕಂಬಳಿಯೋಳ್ನೂ ಕೇಳು, ಆ ಖರ್ಚು ಇಬ್ಬರೂ ಹಂಚ್ಕೊಳ್ಳಿ."

ಬಸ್ಸು ಬಂತು. ದೆಲ್ಫಿನಾ ಬನ್ನಿನ ಕೊನೆಯ ತುಂಡನ್ನು ಬಾಯಿಗೆ ಹಾಕಿಕೊಂಡು, ಎರಡು ಸೀಟು ಹಿಡಿಯಲು ಮೊಣಕೈ ಅಗಲಿಸಿ ಮುಂದೆ ನುಗ್ಗಿದಳು.